ನಲವತ್ತು ಸೆಕೆಂಡಿನ ಹಾಡು

ನಮ್ಮ ಅಜ್ಜ ನಾಟಕ ಕಂಪನಿಗಳಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸುವ ಮಾಸ್ತರ್ ಆಗಿದ್ದರು. ವಯಸ್ಸಾದ ಮೇಲೆ ಗದಗಿನ ಮನೆಯಲ್ಲೇ ಇರುತ್ತಿದ್ದರೂ ಪಾರ್ಟು ಮಾಡುವ ಆಸೆಯಿಂದ ಹುಡುಗರು ಅವರನ್ನು ಹುಡುಕಿಕೊಂಡು ಬರುತ್ತಿದ್ದರು. ಅಜ್ಜ ಯಾರಿಗೂ ಬಂದ ಕೂಡಲೇ ಹಾಡು ಅನ್ನುತ್ತಿರಲಿಲ್ಲ. "ಯಾವೂರಪ್ಪಾ ನಿಂದು? ಮಳಿ ಹ್ಯಾಂಗ ಐತಿ ಆ ಕಡೆ?" ಎಂದು ಮಾತಿಗೆ ಎಳೆಯುತ್ತಿದ್ದರು. ಅವನು ಉತ್ತರ ಕೊಡುತ್ತಿದ್ದ ಹಾಗೆಯೇ ಎಡಗೈಯಿಂದ ಗಾಳಿ ಹಾಕುತ್ತ, ಬಲಗೈಯಲ್ಲಿ ಒಂದೊಂದೇ ಪಟ್ಟಿ ಒತ್ತಿ, ದನಿ ಎಲ್ಲಿ ಕೂತಿದೆ ಎಂದು ಹುಡುಕುತ್ತಿದ್ದರು. "ಇವಂದು ಕಪ್ಪು ಎರಡು" ಎಂದು ಅವನ ದನಿಗೆ ಕೂಡುವ ಕಪ್ಪು ಪಟ್ಟಿ ಯಾವುದೆಂದು ಹೇಳಿದ ಮೇಲೆಯೇ ಹಾಡಿನ ಮಾತು. ನಾನಾಗ ಏಳೆಂಟು ವರ್ಷದವಳು, ಬಾಗಿಲ ಚೌಕಟ್ಟಿಗೆ ಒರಗಿ ನಿಂತು ನೋಡುತ್ತಿದ್ದೆ. ಕಳೆದ ಡಿಸೆಂಬರಿನಲ್ಲಿ, ನ್ಯೂಜೆರ್ಸಿಯ ನಮ್ಮ ಮನೆಯಲ್ಲಿ ಮಗಳ ಶಾಲಾ ನಾಟಕದ ಆಡಿಷನ್‌ಗೆ ಹಾಡು ಆರಿಸಲು ಕೂತಾಗ ಅಜ್ಜನ ಆ ಎರಡು ಕೈಗಳು ಕಣ್ಣಿಗೆ ಕಟ್ಟಿದವು.

ಇಲ್ಲಿನ ಹೈಸ್ಕೂಲುಗಳಲ್ಲಿ ವರ್ಷಕ್ಕೊಂದು ಮ್ಯೂಸಿಕಲ್ ಆಡುತ್ತಾರೆ. ಮಾತು, ಹಾಡು, ಕುಣಿತ ಮೂರೂ ಹೆಣೆದುಕೊಂಡ ನಾಟಕ. ನಮ್ಮ ಕಂಪನಿ ನಾಟಕ ನೋಡಿದವರಿಗೆ ಅದು ಪೂರ್ತಿ ಹೊಸದೇನಲ್ಲ. ಈ ಸಲ ಅವಳ ಶಾಲೆ ಆರಿಸಿದ್ದು 'ಫಿಡ್ಲರ್ ಆನ್ ದ ರೂಫ್'. 1964ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಕ್ಕೆ ಬಂದದ್ದು. ಜಾರ್ ದೊರೆಗಳ ಕಾಲದ ರಷ್ಯಾದ ಒಂದು ಯಹೂದಿ ಹಳ್ಳಿ, ಅಲ್ಲಿ ಹಾಲು ಮಾರುವ ಟೆವ್ಯೆ, ಅವನಿಗೆ ಐದು ಹೆಣ್ಣುಮಕ್ಕಳು. ಎರಡನೆಯ ಮಗಳು ಸೈಬೀರಿಯಾದಲ್ಲಿ ಬಂಧನದಲ್ಲಿರುವ ತನ್ನವನ ಬಳಿಗೆ ಹೊರಟು, ರೈಲು ಬರುವ ಮುನ್ನ ಅಪ್ಪನಿಗೆ ತನ್ನ ಮನಸ್ಸು ಬಿಚ್ಚಿ ಹಾಡುವ ಹಾಡೊಂದಿದೆ. ತವರು ಬಿಟ್ಟು ಇಷ್ಟು ದೂರ ಬಂದ ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಕೇಳಿದಾಗೆಲ್ಲ ಗಂಟಲು ಕಟ್ಟುತ್ತದೆ.

ಅದನ್ನೇ ಹಾಡಲಿ ಎಂದು ನನ್ನ ಆಸೆ. ಆದರೆ ಶಾಲೆಯ ಸೂಚನೆ ಸ್ಪಷ್ಟವಾಗಿತ್ತು. ಇದೇ ನಾಟಕದ ಹಾಡು ಬೇಡ. ಹದಿನಾರು ಬಾರ್ ಮಾತ್ರ, ಅಂದರೆ ಪಾಶ್ಚಾತ್ಯ ಸ್ವರಲಿಪಿಯಲ್ಲಿ ತಾಳದ ಹದಿನಾರು ತುಂಡು. ಪಿಯಾನೊ ನುಡಿಸುವವರಿಗೆ ಸ್ವರಲಿಪಿ ತರಬೇಕು, ಕರೋಕೆ ನಡೆಯುವುದಿಲ್ಲ.

ಹದಿನಾರು ಬಾರ್ ಎಂದರೆ ಎಷ್ಟು ಎಂದು ನಾನು ಬೆರಳಲ್ಲಿ ಎಣಿಸಿದೆ. ಬಾರಿಗೆ ನಾಲ್ಕು ಮಾತ್ರೆಯಾದರೆ ಒಟ್ಟು 64 ಮಾತ್ರೆ, ಹದಿನಾರು ಮಾತ್ರೆಯ ತೀನ್‌ತಾಲದ ನಾಲ್ಕೇ ನಾಲ್ಕು ಆವರ್ತನ. ನಿಮಿಷಕ್ಕೆ 96 ಮಾತ್ರೆಯ ನಡೆಯಲ್ಲಿ ಸರಿಯಾಗಿ 40 ಸೆಕೆಂಡು. ನಾವು ಕಲಿತ ಸಂಗೀತದಲ್ಲಿ ಅಷ್ಟು ಹೊತ್ತಿಗೆ ಗಾಯಕರು ಷಡ್ಜ ಹಿಡಿದು ಕಣ್ಣು ಮುಚ್ಚಿರುತ್ತಾರೆ.

ಹಿಂದಿನ ವರ್ಷದ ಗಾಯ ಇನ್ನೂ ಹಸಿಯಾಗಿತ್ತು. 'ವಿಕೆಡ್' ಸಿನಿಮಾ ಬಂದ ಚಳಿಗಾಲ ಅದು. ಅದರ ಮೂಲ ನಾಟಕದಲ್ಲಿ ಮಧ್ಯಂತರಕ್ಕೆ ಮುಂಚೆ ಹಸಿರು ಬಣ್ಣದ ಮಾಟಗಾತಿ ಗಾಳಿಗೇರಿ ಹಾಡುವ ಆ ಹಾಡನ್ನು ಊರಿನ ಹುಡುಗಿಯರೆಲ್ಲ ಹಾಡುತ್ತಿದ್ದರು, ನನ್ನ ಮಗಳೂ. ಮನೆಯಲ್ಲಿ ಸಂಜೆ ಹೊತ್ತು ಚೆನ್ನಾಗಿಯೇ ಬರುತ್ತಿತ್ತು. ನಾನೂ ಹಿಗ್ಗಿ ವಿಡಿಯೋ ಮಾಡಿ ಊರಿಗೆ ಕಳಿಸಿದ್ದೆ. ಆಡಿಷನ್ ಇದ್ದದ್ದು ಬೆಳಗಿನ ಒಂಬತ್ತಕ್ಕೆ. ಕೊನೆಯ ಎತ್ತರದ ಸ್ವರಕ್ಕೆ ದನಿ ಒಡೆಯಿತು. ಕಾರಿಗೆ ಬಂದು ಕೂತವಳು ಮನೆ ಮುಟ್ಟುವ ತನಕ ಒಂದು ಮಾತೂ ಆಡಲಿಲ್ಲ. ಆ ಹಾಡು ಪಳಗಿದ ಗಂಟಲಿಗಾಗಿ ಕಟ್ಟಿದ್ದು, ವಾರಕ್ಕೆ ಎಂಟು ಪ್ರದರ್ಶನ ಕೊಡುವ ವೃತ್ತಿಯವರದು. ಹದಿಮೂರರ ಗಂಟಲಿಗೆ ಅದನ್ನು ಹೊರಿಸಬಾರದಿತ್ತು. ಅದನ್ನು ತಿಳಿಯಬೇಕಾದವಳು ನಾನು. ಅಜ್ಜನ ಮೊಮ್ಮಗಳಾಗಿ ನಾನು ಮೊದಲು ಪಟ್ಟಿ ಹುಡುಕಬೇಕಿತ್ತು.

ಈ ಸಲ ಹುಡುಕಿದೆ. ಹುಬ್ಬಳ್ಳಿಯಿಂದ ತಂದ ಸಣ್ಣ ಪೇಟಿಯನ್ನು ಊಟದ ಮೇಜಿನ ಮೇಲಿಟ್ಟು, ಅವಳನ್ನು ಎದುರಿಗೆ ಕೂರಿಸಿಕೊಂಡು, ಶಾಲೆಯಲ್ಲಿ ಏನೇನಾಯಿತು ಹೇಳು ಅಂದೆ. ಅವಳು ಗಣಿತದ ಪರೀಕ್ಷೆಯ ಸುದ್ದಿ ಹೇಳುತ್ತಿದ್ದಳು, ನಾನು ಒತ್ತುತ್ತಿದ್ದೆ. ಆಮೇಲೆ ಸ್ವರ ಹಾಡಿಸಿ, ಪಿಯಾನೊದವರು ಕರೆಯುವ ಎ, ಬಿ, ಸಿ ಹೆಸರಿನಲ್ಲೇ ಗುರುತು ಹಾಕಿಕೊಂಡೆ. ಮಧ್ಯದ ಸಿ ಕೆಳಗಿನ ಎ ಸ್ವರದಿಂದ ಮೇಲಿನ ಡಿ ತನಕ ಹಾಲು ಹರಿದ ಹಾಗೆ. ಇ ಸ್ವರಕ್ಕೆ ಹುಬ್ಬು ಸ್ವಲ್ಪ ಮೇಲೇಳುತ್ತಿತ್ತು. ಎಫ್‌ಗೆ ಭುಜವೂ ಎದ್ದಿತು. ಒಂದು ಚೀಟಿಯಲ್ಲಿ ಬರೆದುಕೊಂಡೆ: ಹಾಡಿನ ತುದಿ ಡಿ ದಾಟಬಾರದು. ಜ್ವರ ಬಂದು ಎದ್ದ ದಿನವೂ, ಬೆಳಗಿನ ಒಂಬತ್ತಕ್ಕೂ, ಹೆದರಿಕೆಯಲ್ಲೂ ಬರುವ ಸ್ವರ ಯಾವುದೋ ಅದೇ ಅವಳ ಸ್ವರ.

ಹಾಡು ಸೂಚಿಸಿದ್ದು ಅವಳಿಗೆ ಹಾಡುಗಾರಿಕೆ ಹೇಳಿಕೊಡುವ ಮೇಡಂ. ಕೊಟ್ಟ ನಾಟಕದ ಹಾಡು ಬೇಡವಾದರೆ, ಅದೇ ಕಾಲದ, ಅದೇ ಧಾಟಿಯ ಹಾಡು ಹುಡುಕಬೇಕು ಎಂದು ಅವರು ವಿವರಿಸಿದರು. ನಾಟಕದ್ದೇ ಹಾಡು ಹಾಡಿದರೆ ನಿರ್ದೇಶಕರು ತಮ್ಮ ಮನಸ್ಸಿನಲ್ಲಿರುವ ಪಾತ್ರದ ಜೊತೆ ತೂಗಲು ಶುರು ಮಾಡುತ್ತಾರೆ. ಧಾಟಿ ಒಂದಾಗಿ ಹಾಡು ಬೇರೆಯಾದರೆ ಹುಡುಗಿಯನ್ನು ನೋಡುತ್ತಾರೆ. ಪಿಯಾನೊದವರು ಅಲ್ಲೇ ಹಾಳೆ ನೋಡಿ ನುಡಿಸಬೇಕಾದ್ದರಿಂದ ಬೆರಳು ತೊಡಕುವಂಥ ಹಾಡೂ ಬೇಡ, ಅವರು ಎಡವಿದರೆ ಬೀಳುವವಳು ಹಾಡುವವಳೇ. ಇಷ್ಟು ಹೇಳಿ ಅವರು ತೆಗೆದಿಟ್ಟದ್ದು 1963ರ 'ಶಿ ಲವ್ಸ್ ಮಿ' ನಾಟಕದ ಒಂದು ಹಾಡು. 'ಫಿಡ್ಲರ್'ಗೆ ಸಂಗೀತ ಕೊಟ್ಟ ಜೆರ್ರಿ ಬಾಕ್, ಸಾಹಿತ್ಯ ಬರೆದ ಶೆಲ್ಡನ್ ಹಾರ್ನಿಕ್ ಜೋಡಿಯದೇ ಕೃತಿ, ಒಂದೇ ವರ್ಷ ಮುಂಚಿನದು. ಸುಗಂಧದ ಅಂಗಡಿಯಲ್ಲಿ ಕೆಲಸ ಮಾಡುವ ಅಮಾಲಿಯಾ ಎಂಬವಳಿಗೆ ಪತ್ರಗಳಲ್ಲಿ ಮಾತ್ರ ಪರಿಚಯವಾದ ಒಬ್ಬ ಗೆಳೆಯ. ಅವನನ್ನು ಮೊದಲ ಸಲ ಕಾಣುವ ಮುನ್ನ ಅವಳ ಎದೆಯ ಅಳುಕು ಈ ಹಾಡು: ಎದುರಿಗೆ ಕಂಡಾಗ ಅವನಿಗೆ ನಾನು ಇಷ್ಟವಾಗುತ್ತೇನೋ ಇಲ್ಲವೋ.

ನನಗೆ ಸಮಾಧಾನವಾಗಲಿಲ್ಲ. ಹದಿನಾಲ್ಕರ ಹುಡುಗಿಗೆ ಇದೆಲ್ಲ ಯಾಕೆ ಎಂದು ಮೇಡಂ ಹತ್ತಿರ ಹೇಳಿಯೇ ಬಿಟ್ಟೆ. ಅವರು ನನಗೆ ಉತ್ತರ ಕೊಡದೆ ಮಗಳ ಕಡೆ ತಿರುಗಿ, ನೀನು ಯಾರನ್ನಾದರೂ ಹೀಗೆ ಕಾದಿದ್ದೀಯಾ ಎಂದು ಕೇಳಿದರು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಗದಗ ಸ್ಟೇಷನ್ ಅಂದಳು.

ನಾನು ಮರೆತೇಬಿಟ್ಟಿದ್ದೆ. ಎರಡು ವರ್ಷದ ಹಿಂದೆ ಊರಿಗೆ ಹೋದಾಗ ನನ್ನ ತಮ್ಮನ ಮಗಳು ನಮ್ಮನ್ನು ಕರೆದೊಯ್ಯಲು ಸ್ಟೇಷನ್ನಿಗೆ ಬರುವವಳಿದ್ದಳು. ಇಬ್ಬರದೂ ಒಂದೇ ವಯಸ್ಸು, ಅಲ್ಲಿಯವರೆಗೆ ಫೋನಿನ ಪರದೆಯಲ್ಲಷ್ಟೇ ಮಾತು. ಪ್ಲಾಟ್‌ಫಾರ್ಮಿನಲ್ಲಿ ನನ್ನ ಮಗಳು ಅವಳಿಗೆಂದು ತಂದ ಬಣ್ಣದ ಪೆನ್ನುಗಳ ಡಬ್ಬಿಯನ್ನು ಎದೆಗವಚಿಕೊಂಡು, ಮುಚ್ಚಳ ತೆಗೆಯುತ್ತ ಹಾಕುತ್ತ ನಿಂತಿದ್ದಳು. "ಅಮ್ಮಾ, ನನ್ನ ಕನ್ನಡ ಕೇಳಿ ಆಕಿ ನಗತಾಳೇನು? ಆಕಿಗೆ ನಾ ಸೇರತೇನೋ ಇಲ್ಲೋ?" ಹತ್ತು ಸಲವಾದರೂ ಕೇಳಿರಬೇಕು. ನಾನು ಸೂಟ್‌ಕೇಸು ಎಣಿಸುವ ಗಡಿಬಿಡಿಯಲ್ಲಿ ಹೂಂ ಹೂಂ ಅಂದಿದ್ದೆ.

ಹಾಡಿನ ಮಾತೂ ಅದೇ ತಾನೇ, ಸೇರತೇನೋ ಇಲ್ಲೋ. ಆ ಹೊತ್ತಿನಿಂದ ನಾನು ತಕರಾರು ತೆಗೆಯಲಿಲ್ಲ.

ಮುಂದಿನದು ಕತ್ತರಿ ಕೆಲಸ. ಸ್ಥಾಯಿ ಎಂಬ ಮೊದಲ ಭಾಗ ಬಿಟ್ಟು ನೇರ ಎರಡನೆಯ ಭಾಗವಾದ ಅಂತರಾದಿಂದ ಶುರು ಮಾಡಲು ನನ್ನ ಕಿವಿ ಒಪ್ಪುತ್ತಿರಲಿಲ್ಲ, ಮೊದಲಿಂದ ಹಾಡದಿದ್ದರೆ ಹಾಡು ಹೇಗಾಗುತ್ತದೆ ಎಂದು ನನ್ನ ವಾದ. ಮೇಡಂ ಎರಡೂ ರೀತಿ ಹಾಡಿಸಿದರು. ಮೊದಲ ಹದಿನಾರು ಬಾರಿನಲ್ಲಿ ಅವಳು ಕತೆ ಹೇಳುತ್ತಿದ್ದಳು. ಕೊನೆಯ ಹದಿನಾರರಲ್ಲಿ ಅವಳೇ ಕತೆಯೊಳಗಿದ್ದಳು, ಮುಗಿತಾಯವೂ ತಾನಾಗಿ ಬಂತು. ಸ್ವರಲಿಪಿಯನ್ನು ಒಂದು ಪಟ್ಟಿ ಇಳಿಸಿ ಮುದ್ರಿಸಿಕೊಂಡೆವು, ತುದಿ ಡಿ ಸ್ವರಕ್ಕೆ ಬಂದು ಕೂತಿತು. ರಾತ್ರಿ ಕೂತು ಎರಡು ಹಾಳೆಯನ್ನು ಅಕ್ಕಪಕ್ಕ ಇಟ್ಟು ಹಿಂದಿನಿಂದ ಟೇಪ್ ಹಚ್ಚಿದೆ. ಬೇಡದ ಸಾಲುಗಳ ಮೇಲೆ ಬಿಳಿ ಕಾಗದ ಅಂಟಿಸಿ, ಎಲ್ಲಿ ಶುರು, ಎಲ್ಲಿ ಮುಕ್ತಾಯ ಎಂದು ಮಗಳು ದಪ್ಪ ಅಕ್ಷರದಲ್ಲಿ ಬರೆದಳು. ಪ್ಲಾಸ್ಟಿಕ್ ಹಾಳೆಚೀಲದಲ್ಲಿ ಹಾಕಲು ಹೊರಟಿದ್ದೆ. "ಬ್ಯಾಡಮ್ಮಾ, ದೀಪದ ಬೆಳಕಿಗೆ ಹೊಳೀತದ, ನುಡಿಸವರಿಗೆ ಕಾಣಂಗಿಲ್ಲ" ಎಂದು ಕೈ ಹಿಡಿದಳು. ಅಜ್ಜ ಇದ್ದಿದ್ದರೆ ಆ ಮಾತಿಗೆ ಅವಳ ಬೆನ್ನು ತಟ್ಟುತ್ತಿದ್ದರು. ಪೇಟಿಯವನ ಕಷ್ಟ ತಿಳಿದ ನಟ ಅವರಿಗೆ ಎಲ್ಲರಿಗಿಂತ ಹೆಚ್ಚು.

ಆಡಿಷನ್ ದಿನ ನಾನು ಶಾಲೆಯ ಕಾರಿಡಾರಿನಲ್ಲಿ ಕೂತಿದ್ದೆ. ಅವಳಿಗಿಂತ ಮುಂಚೆ ಒಳಗೆ ಹೋದ ಮೂವರೂ ದೊಡ್ಡ ದೊಡ್ಡ ಹಾಡು ಹಾಡಿದ್ದು ಗೋಡೆಯಾಚೆಯಿಂದ ಕೇಳುತ್ತಿತ್ತು. ಇವಳು ಹೋದ ಮೇಲೆ ಏನೂ ಕೇಳಿಸಲಿಲ್ಲ. ಅಷ್ಟು ಮೆಲ್ಲಗೆ ಶುರು ಮಾಡಿದ್ದಳು. ಕೊನೆಯ ಸಾಲು ಮಾತ್ರ ತೇಲಿ ಬಂತು, ಪ್ರಶ್ನೆಯ ಹಾಗೆ. ಆಚೆ ಬಂದವಳ ಕೆನ್ನೆ ಕೆಂಪಾಗಿತ್ತು. ಪಿಯಾನೊದವರಿಗೆ ಮೊದಲ ಸಾಲು ಗುನುಗಿ ಲಯ ತಿಳಿಸಿದ್ದು, ಅವರು ತಲೆಯಾಡಿಸಿದ್ದು, ಡಬ್ಬಿಯ ಮುಚ್ಚಳ ನೆನೆಸಿಕೊಂಡದ್ದು, ಎಲ್ಲವನ್ನೂ ಕಾರು ಹತ್ತುವ ಮುಂಚೆಯೇ ಹೇಳಿ ಮುಗಿಸಿದಳು.

ಶುಕ್ರವಾರ ಪಾತ್ರಗಳ ಪಟ್ಟಿ ಬಂತು. ಟೆವ್ಯೆಯ ಕೊನೆಯ ಮಗಳು ಬೀಲ್ಕೆ. ನಾಲ್ಕು ಮಾತು, ಗುಂಪಿನ ಹಾಡುಗಳಲ್ಲಿ ಜಾಗ. ಅವಳು ಗದಗಿಗೆ ಫೋನು ಹಚ್ಚಿ ಅರ್ಧ ಗಂಟೆ ತನ್ನ ಕನ್ನಡದಲ್ಲಿ ಇಡೀ ನಾಟಕದ ಕತೆ ಹೇಳಿದಳು. ಆಚೆಯಿಂದ ನಗು ಕೇಳುತ್ತಿತ್ತು. ಮಾತು ಮುಗಿಸಿ ಬಂದು, "ಅಮ್ಮಾ, ಪೇಟಿ ತಗೀ. ಬ್ಯಾಸಗೀ ಆಡಿಷನ್‌ಗೆ ಹಾಡು ಹುಡುಕಬೇಕು, ದನಿ ಈಗ ಎಲ್ಲಿ ಬಂದದ ನೋಡೂಣು" ಅಂದಳು. ನಾನು ಗಾಳಿ ಹಾಕಿದೆ. ಇ ಸ್ವರಕ್ಕೆ ಈ ಸಲ ಹುಬ್ಬು ಮೇಲೇಳಲಿಲ್ಲ.