ಎಂಟು ಸಾವಿರ ರಿಂಗಿಟ್ ಸಾಕಾಗುತ್ತಾ?

ಹೋದ ವಾರ ಮತ್ತೊಂದು ಫೋನ್ ಬಂತು. ಮೈಸೂರಿನ ಗೆಳತಿಯ ತಮ್ಮ. "ಅಕ್ಕ, ಕೌಲಾಲಂಪುರದಲ್ಲಿ ಕೆಲಸ ಸಿಕ್ಕಿದೆ. ತಿಂಗಳಿಗೆ ಎಂಟು ಸಾವಿರ ರಿಂಗಿಟ್ ಅಂತಿದ್ದಾರೆ. ಸಾಕಾಗುತ್ತಾ?"

ರಿಂಗಿಟ್ ಅಂದರೆ ಮಲೇಶಿಯಾದ ದುಡ್ಡು. ನಾನು ಈ ದೇಶಕ್ಕೆ ಬಂದದ್ದು 2022ರ ಸೆಪ್ಟೆಂಬರ್‌ನಲ್ಲಿ. ಆಗಿನಿಂದ ಈ ಪ್ರಶ್ನೆಯನ್ನು ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಸಂಬಳದ ಮೊತ್ತ ಮಾತ್ರ ಬದಲಾಗುತ್ತದೆ. ಬಾಡಿಗೆ ಇಷ್ಟು, ಅಕ್ಕಿ ಇಷ್ಟು, ದೋಸೆ ಇಷ್ಟು ಅಂತ ನಾನು ಗಡಗಡ ಹೇಳಿಬಿಡುತ್ತೇನೆ ಅಂದುಕೊಂಡಿರುತ್ತಾರೆ. ನಾನು ತಿರುಗಿ ಕೇಳುವುದು ಒಂದೇ: "ಯಾವ ತಿಂಗಳು ಸೇರ್ತೀಯಾ?"

"ಅಕ್ಟೋಬರ್ ಅಂದಿದ್ದಾರೆ. ಯಾಕಕ್ಕ?"

ಯಾಕೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಅವನಿಗೆ ಮೊದಲು ಊಟದ ಚಿಂತೆ. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

ಊಟದ ಖರ್ಚಿಗೆ ಹೆದರಬೇಕಾಗಿಲ್ಲ. ವಿಚಿತ್ರ ಏನಂದ್ರೆ ಇಲ್ಲಿ ಹೊರಗೆ ತಿನ್ನುವುದು ಅಗ್ಗ, ಮನೆಯಲ್ಲಿ ನಮ್ಮ ಅಡುಗೆ ಮಾಡಿಕೊಳ್ಳುವುದೇ ದುಬಾರಿ. ಬೀದಿಗೊಂದು ಮಾಮಕ್ ಇರುತ್ತದೆ. ತಮಿಳು ಮುಸ್ಲಿಮರು ನಡೆಸುವ ಹೋಟೆಲ್ ಅದು. ಎಷ್ಟೋ ಕಡೆ ರಾತ್ರಿಯಿಡೀ ತೆರೆದಿರುತ್ತದೆ. ರೊಟಿ ಚನಾಯ್, ಅಂದರೆ ನಮ್ಮ ಪರೋಟದ ತಮ್ಮ, ಒಂದಕ್ಕೆ ಒಂದೂವರೆಯಿಂದ ಎರಡು ರಿಂಗಿಟ್. ಎತ್ತರದಿಂದ ಸುರಿದು ನೊರೆ ಬರಿಸುವ ತೆಹ್ ತಾರಿಕ್ ಟೀಗೆ ಎರಡು, ಎರಡೂವರೆ. ಅದಕ್ಕೆ ಕಂಡೆನ್ಸ್ಡ್ ಹಾಲು ಧಾರಾಳವಾಗಿ ಹಾಕುತ್ತಾರೆ. 'ಕುರಾಂಗ್ ಮಾನಿಸ್', ಅಂದರೆ ಸಿಹಿ ಕಮ್ಮಿ, ನಾನು ಕಲಿತ ಮೊದಲ ಮಲಯ್ ಮಾತು. ರಿಂಗಿಟ್ ಅಂದರೆ 20 ರೂಪಾಯಿಗೆ ಸ್ವಲ್ಪ ಮೇಲೆ ಅಂತ ಇಟ್ಟುಕೊಳ್ಳಿ. ಎರಡು ರೊಟಿ, ಒಂದು ಟೀ ಸೇರಿದರೆ ನೂರಿಪ್ಪತ್ತು, ನೂರಮೂವತ್ತು ರೂಪಾಯಿ. ಬೆಂಗಳೂರಿನ ದರ್ಶಿನಿಯಲ್ಲಿ ಮಸಾಲೆ ದೋಸೆ, ಕಾಫಿಗೆ ಈಗ ಅಷ್ಟೇ ಆಗೋದು, ಅಲ್ವಾ?

ಸಸ್ಯಾಹಾರಿಗಳು ಸ್ವಲ್ಪ ಕಣ್ಣಿಟ್ಟಿರಬೇಕು. ಬೇಳೆ ಸಾರಿನ ಪಕ್ಕದಲ್ಲೇ ಮೀನಿನ ಸಾರು ಕೂತಿರುತ್ತದೆ, ಸೌಟು ಎರಡಕ್ಕೂ ಓಡಾಡುತ್ತಿರುತ್ತದೆ. ಸಂಬಲ್ ಅನ್ನುವ ಕೆಂಪು ಚಟ್ನಿಯಲ್ಲಿ ಸಾಮಾನ್ಯವಾಗಿ ಸೀಗಡಿ ಇರುತ್ತದೆ. ಆ ತಲೆನೋವೇ ಬೇಡ ಅಂದರೆ ಕೌಲಾಲಂಪುರದ 'ಲಿಟಲ್ ಇಂಡಿಯಾ' ಬ್ರಿಕ್‌ಫೀಲ್ಡ್ಸ್‌ಗೆ ಹೋಗಿ. ಬಾಳೆಲೆ ಊಟ ಹತ್ತರಿಂದ ಹದಿಮೂರು ರಿಂಗಿಟ್. ಅನ್ನ, ಸಾರು ಮತ್ತೆ ಮತ್ತೆ ಬಡಿಸುತ್ತಾರೆ.

ಜೇಬು ಸುಡುವುದು ಹಾಲು. ತಾಜಾ ಹಾಲು ಲೀಟರಿಗೆ ಏಳೆಂಟು ರಿಂಗಿಟ್, ಹೆಚ್ಚುಕಮ್ಮಿ ನೂರೈವತ್ತು ರೂಪಾಯಿ. ನಂದಿನಿ ನೀಲಿ ಪ್ಯಾಕೆಟ್ಟಿನ ಮೂರು ಪಟ್ಟಿಗೂ ಮೇಲೆ. ಇಲ್ಲಿ ಹೈನುಗಾರಿಕೆ ಕಮ್ಮಿ. ಹಾಲಿನ ಪದಾರ್ಥ ಬಹಳಷ್ಟು ಆಸ್ಟ್ರೇಲಿಯಾ, ನ್ಯೂಜಿಲೆಂಡಿನಿಂದ ಹಡಗಿನಲ್ಲಿ ಬರುತ್ತದೆ. ಎರಡು ಹೊತ್ತು ಫಿಲ್ಟರ್ ಕಾಫಿ, ದಿನಾ ಮೊಸರನ್ನ ಅನ್ನುವ ಮನೆ ನಮ್ಮದು. ತಿಂಗಳಿಗೆ ಇನ್ನೂರು ರಿಂಗಿಟ್ ಮೀರಿ ಹಾಲಿಗೇ ಹೋಗುತ್ತದೆ. ಕರೆಂಟ್ ಬಿಲ್ಲಿಗಿಂತ ಜಾಸ್ತಿ ಅಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ.

ಅಕ್ಕಿ, ಈರುಳ್ಳಿ ಬೆಲೆ ದೆಹಲಿಯ ಕೈಯಲ್ಲಿದೆ. 2023ರ ಜುಲೈ 20ರಂದು ಭಾರತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ನಾವು ಸೋನಾ ಮಸೂರಿ ತರುವ ಅಂಗಡಿಯವರು "ಒಬ್ರಿಗೆ ಒಂದೇ ಮೂಟೆ ಅಕ್ಕಾ" ಅಂದರು, ತಮಿಳಿನಲ್ಲಿ. ಅದೇ ಡಿಸೆಂಬರ್‌ನಲ್ಲಿ ಈರುಳ್ಳಿ ರಫ್ತೂ ನಿಂತಿತು, ಮತ್ತೆ ಶುರುವಾದದ್ದು ಮುಂದಿನ ಮೇ ತಿಂಗಳಲ್ಲಿ. ಅಷ್ಟು ದಿನ ಈರುಳ್ಳಿ ಹುಳಿ ನಮ್ಮ ಮನೆಯಲ್ಲಿ ಹಬ್ಬದ ಅಡುಗೆಯಾಗಿತ್ತು.

ಇನ್ನು ಬಾಡಿಗೆ. ಊರಾಚೆ, ಐಟಿ ಕಂಪನಿಗಳಿರುವ ಸೈಬರ್‌ಜಾಯಾದಲ್ಲಿ ಎರಡು ರೂಮಿನ ಮನೆ ಸಾವಿರದ ಐನೂರಕ್ಕೂ ಸಿಗುತ್ತದೆ. ಬ್ರಿಕ್‌ಫೀಲ್ಡ್ಸ್, ಕೆಎಲ್ ಸೆಂಟ್ರಲ್ ರೈಲು ನಿಲ್ದಾಣದ ಹತ್ತಿರ ಎರಡು ಸಾವಿರದ ಮೇಲೆ. ವಿದೇಶಿಯರು ತುಂಬಿರುವ ಮಾಂಟ್ ಕಿಯಾರಾ ಅಂದರೆ ಮೂರು ಸಾವಿರ ದಾಟುತ್ತದೆ. ಬ್ಯಾಚುಲರ್‌ಗೆ ಬರೀ ಒಂದು ರೂಮು ಏಳೆಂಟು ನೂರಕ್ಕೆ ಉಂಟು. ಇದು ಯಾವ ವೆಬ್‌ಸೈಟಿನಲ್ಲಾದರೂ ಕಾಣುತ್ತದೆ. ಗಮನಿಸಬೇಕಾದ್ದು ಮೊದಲ ದಿನವೇ ಕೈಯಿಂದ ಹೋಗುವ ದುಡ್ಡು. ಎರಡು ತಿಂಗಳ ಬಾಡಿಗೆ ಡೆಪಾಸಿಟ್, ಕರೆಂಟು ನೀರಿಗೆ ಅಂತ ಅರ್ಧ ತಿಂಗಳದ್ದು, ಒಂದು ತಿಂಗಳ ಅಡ್ವಾನ್ಸ್. ಎರಡು ಸಾವಿರದ ಮನೆಗೆ ಏಳು ಸಾವಿರ ರಿಂಗಿಟ್. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಿರುವ ಬೆಂಗಳೂರಿನವರಿಗೆ ಇದು ಏನೂ ಅಲ್ಲ ಅನ್ನಿಸಬಹುದು. ಆದರೆ ಇದನ್ನು ಮೊದಲ ಸಂಬಳ ಬರುವ ಮೊದಲೇ ಕೊಡಬೇಕು.

ಡೆಪಾಸಿಟ್ ಪೂರ್ತಿ ವಾಪಸ್ ಬರುತ್ತದೆ ಅಂತ ಲೆಕ್ಕ ಹಾಕಬೇಡಿ. ನಮ್ಮ ಮೊದಲ ಮನೆ ಬಿಡುವಾಗ ಓನರ್ ಕಡೆಯ ಏಜೆಂಟ್ ಬಂದ. ಮೊಬೈಲಿನಲ್ಲಿ ನಾವು ಸೇರಿದ ದಿನದ ಫೋಟೋಗಳು. ಹಾಲ್‌ನ ಗೋಡೆಯಲ್ಲಿ ಮೂರು ತೂತು: ದೇವರ ಫೋಟೋ, ಕ್ಯಾಲೆಂಡರ್, ಗಡಿಯಾರ. ಒಂದೊಂದು ತೂತಿಗೂ ಬೆರಳಿಟ್ಟು ಎಣಿಸಿದ. ಅಡುಗೆಮನೆಯ ಬಿಳಿ ಕಪಾಟಿನ ಮೇಲೆ ಒಗ್ಗರಣೆಯ ಅರಿಶಿನ ಕಲೆ, ಹೊಗೆಗೆ ಮಾಸಿದ ಮೂಲೆ. ನಾನು ಹಿಂದಿನ ರಾತ್ರಿ ನಿಂಬೆಹಣ್ಣು, ಸೋಡಾಪುಡಿ ಹಾಕಿ ತಿಕ್ಕಿದ್ದೆ, ಕಲೆ ಜಗ್ಗಲಿಲ್ಲ. ಬಣ್ಣಕ್ಕೆ, ಏಸಿ ಸರ್ವಿಸಿಗೆ ಅಂತ ಒಂಬೈನೂರು ರಿಂಗಿಟ್ ಹಿಡಿದುಕೊಂಡರು. ಈಗಿನ ಮನೆಯಲ್ಲಿ ಗಣಪತಿ ಮೇಜಿನ ಮೇಲೆ ಕೂತಿದ್ದಾನೆ.

ಇನ್ನೊಂದು ಮಾತು, ಹೇಳಲು ಹಿತವಲ್ಲ. ಭಾರತೀಯರಿಗೆ ಮನೆ ಕೊಡುವುದಿಲ್ಲ ಅನ್ನುವ ಓನರುಗಳು ಇಲ್ಲಿ ಇದ್ದಾರೆ, ಕೆಲವರು ಜಾಹೀರಾತಿನಲ್ಲೇ ಬರೆಯುತ್ತಾರೆ. 'ವೆಜಿಟೇರಿಯನ್ಸ್ ಓನ್ಲಿ' ಬೋರ್ಡುಗಳ ನಡುವೆ ಬೆಳೆದ ನನಗೆ ಮೊದಲ ಸಲ ಆ ಬೋರ್ಡಿನ ಹೊರಗೆ ನಿಂತ ಅನುಭವವಾಯಿತು. ಒಪ್ಪುವ ಮನೆಗಳು ಕಮ್ಮಿಯಾದಾಗ ಚೌಕಾಸಿ ಮಾಡಲು ಬಾಯಿ ಬರುವುದಿಲ್ಲ. ಕರಾರಿನಲ್ಲಿ 'ಡಿಪ್ಲೊಮ್ಯಾಟಿಕ್ ಕ್ಲಾಝ್' ಮಾತ್ರ ಬಿಡದೆ ಹಾಕಿಸಿಕೊಳ್ಳಿ. ಕೆಲಸ ಹೋಗಿ ದೇಶ ಬಿಡಬೇಕಾದರೆ ಅವಧಿಗೆ ಮೊದಲೇ ಮನೆ ಬಿಡಲು ಅವಕಾಶ ಕೊಡುವ ಷರತ್ತು ಅದು.

ಇಲ್ಲಿನವರ ಬೆಲೆ ಬೇರೆ, ನಮ್ಮ ಬೆಲೆ ಬೇರೆ ಅನ್ನುವುದೂ ಗೊತ್ತಿರಲಿ. ಮೆಟ್ರೋ, ಬಸ್ಸಿಗೆ 50 ರಿಂಗಿಟ್‌ನ ತಿಂಗಳ ಪಾಸ್ ಇದೆ, ಅದು ಪ್ರಜೆಗಳಿಗೆ. ಸಬ್ಸಿಡಿಯ ಅಡುಗೆ ಎಣ್ಣೆ ಪ್ಯಾಕೆಟ್ ಎರಡೂವರೆ ರಿಂಗಿಟ್, ಅದೂ ಪ್ರಜೆಗಳಿಗೆ. 2025ರ ಸೆಪ್ಟೆಂಬರ್ 30ರಿಂದ ಪೆಟ್ರೋಲೂ ಹಾಗೇ ಆಯಿತು: ಇಲ್ಲಿನ ಪ್ರಜೆಗಳ ಗುರುತಿನ ಚೀಟಿ ಇದ್ದವರಿಗೆ ಲೀಟರಿಗೆ 1.99, ನಮಗೆ ಶುರುವಿನಲ್ಲಿ 2.60. ನನಗೇನೂ ಬೇಜಾರಿಲ್ಲ. ಅವರ ತೆರಿಗೆ ದುಡ್ಡು, ಅವರ ಜನಕ್ಕೆ ಕೊಡುತ್ತಾರೆ. ಆ 2.60 ಕೂಡ ಬೆಂಗಳೂರಿನ ಬಂಕಿಗಿಂತ ಎಷ್ಟೋ ಅಗ್ಗವೇ ಆಗಿತ್ತು.

ಸರಿ, ಈಗ ಅಕ್ಟೋಬರ್ ವಿಷಯ.

ಮಲೇಶಿಯಾದಲ್ಲಿ ತೆರಿಗೆಯ ವರ್ಷ ಜನವರಿಯಿಂದ ಡಿಸೆಂಬರ್. ಆ ವರ್ಷದಲ್ಲಿ 182 ದಿನ ಇಲ್ಲಿದ್ದರೆ ನೀವು 'ನಿವಾಸಿ'. ಇಲ್ಲದಿದ್ದರೆ ಅಲ್ಲ. ನಿವಾಸಿಯಾದರೆ ನಮ್ಮ ದೇಶದ ಹಾಗೆ ಹಂತ ಹಂತದ ತೆರಿಗೆ. ಅಲ್ಲದಿದ್ದರೆ ಮೊದಲ ರಿಂಗಿಟ್‌ನಿಂದಲೇ ಸಾರಾಸಗಟು ಶೇ. 30. ಎಂಟು ಸಾವಿರ ಸಂಬಳಕ್ಕೆ ನಿವಾಸಿಯ ತೆರಿಗೆ ತಿಂಗಳಿಗೆ ಆರುನೂರು ರಿಂಗಿಟ್ ಆಸುಪಾಸು. ಅಲ್ಲದವನಿಗೆ ಎರಡು ಸಾವಿರದ ನಾನೂರು. ಜುಲೈ ಮೊದಲ ವಾರ ದಾಟಿ ಬಂದವರಿಗೆ ಆ ವರ್ಷದಲ್ಲಿ 182 ದಿನ ಸಿಗುವುದೇ ಇಲ್ಲ.

ಇದಕ್ಕೆ ದಾರಿಯೊಂದಿದೆ. ಮುಂದಿನ ವರ್ಷ ಜನವರಿ 1ರಿಂದ ಸತತವಾಗಿ 182 ದಿನ ಇಲ್ಲೇ ಇದ್ದರೆ, ಹಿಂದಿನ ವರ್ಷದ ಕೊನೆಯ ತಿಂಗಳುಗಳನ್ನು ಅದಕ್ಕೆ ಜೋಡಿಸಿ, ಆಗಲೂ ನೀವು ನಿವಾಸಿಯೇ ಅಂತ ಒಪ್ಪುತ್ತಾರೆ. ಹೆಚ್ಚಾಗಿ ಹಿಡಿದ ತೆರಿಗೆ ವಾಪಸ್ ಬರುತ್ತದೆ. ಆದರೆ ಆ ಸತತ ಅನ್ನುವ ಮಾತಿನಲ್ಲಿ ಒಂದು ಗಂಟು. ಊರಿಗೆ ಹೋಗಿ ಬರುವುದಕ್ಕೆ ಎಲ್ಲ ಸೇರಿ 14 ದಿನ ಮಾತ್ರ ವಿನಾಯಿತಿ. ಹದಿನೈದಾದರೆ ಕೊಂಡಿ ಕಳಚಿತು.

ನನಗೆ ಇದು ಗೊತ್ತಿರಲಿಲ್ಲ. 2022ರ ಸೆಪ್ಟೆಂಬರ್‌ನಿಂದ ಡಿಸೆಂಬರ್‌ವರೆಗೆ ತಿಂಗಳಿಗೆ ಹತ್ತು ಸಾವಿರದಂತೆ ನಲವತ್ತು ಸಾವಿರ ರಿಂಗಿಟ್ ದುಡಿದೆ. ಹನ್ನೆರಡು ಸಾವಿರ ತೆರಿಗೆಗೆ ಹೋಯಿತು. 2023ರ ಫೆಬ್ರವರಿಯಲ್ಲಿ ತಮ್ಮನ ಮದುವೆ. ಚಪ್ಪರದಿಂದ ಬೀಗರೂಟದವರೆಗೆ ನಾನಿಲ್ಲದೆ ಆಗುತ್ತದೆಯೇ? 22 ದಿನ ಇದ್ದು ಬಂದೆ. ಏಪ್ರಿಲ್‌ನಲ್ಲಿ ತೆರಿಗೆ ಲೆಕ್ಕ ಮಾಡಿಕೊಡುವವರು ನನ್ನ ಪಾಸ್‌ಪೋರ್ಟಿನ ಮುದ್ರೆಗಳನ್ನು ಒಂದೊಂದಾಗಿ ನೋಡಿ, ಪೆನ್ಸಿಲಿನಲ್ಲಿ ದಿನ ಎಣಿಸಿ, "ಎಂಟು ದಿನ ಜಾಸ್ತಿ ಆಯ್ತು" ಅಂದರು. ಮದುವೆಗೆ ಹೋಗದೆ ಇದ್ದಿದ್ದರೆ ನನ್ನ ನಿಜವಾದ ತೆರಿಗೆ ಐನೂರು ರಿಂಗಿಟ್ ಒಳಗೇ ಇರುತ್ತಿತ್ತು. ಆ ಎಂಟು ದಿನಕ್ಕೆ ನಾನು ತೆತ್ತದ್ದು ಎರಡು ಲಕ್ಷ ರೂಪಾಯಿಗೂ ಮೇಲೆ. ಮನೆಯಲ್ಲಿ ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಹೊರಡುವಾಗಲೂ ಹೀಗೇ ಒಂದು ಹೊಡೆತವಿದೆ. ಕೆಲಸ ಬಿಟ್ಟು ದೇಶ ಬಿಡುತ್ತಿದ್ದೀರಿ ಅಂದರೆ ಕಂಪನಿ ತೆರಿಗೆ ಇಲಾಖೆಗೆ ಮುಂಚಿತವಾಗಿ ತಿಳಿಸಬೇಕು, ಇಲಾಖೆಯ ಒಪ್ಪಿಗೆ ಬರುವವರೆಗೆ ಕೊನೆಯ ಸಂಬಳ ತಡೆಹಿಡಿಯಬೇಕು. ಆ ಹೊತ್ತಿಗೆ ಡೆಪಾಸಿಟ್ಟೂ ಓನರ್ ಹತ್ತಿರ. ಸಾಮಾನು ಕಳಿಸಬೇಕು, ಟಿಕೆಟ್ ತೆಗೆಯಬೇಕು, ಕೈಯಲ್ಲಿ ಕಾಸಿಲ್ಲ. ಐದಾರು ವರ್ಷ ಇದ್ದವರೂ ಕೊನೇ ತಿಂಗಳು ಗೆಳೆಯರಲ್ಲಿ ಸಾಲ ಕೇಳುವುದನ್ನು ನೋಡಿದ್ದೇನೆ.

ಹಾಗಾದರೆ ಎಂಟು ಸಾವಿರ ಸಾಕೇ? ಒಬ್ಬನೇ ಆದರೆ ಆರಾಮ, ಉಳಿತಾಯವೂ ಆಗುತ್ತದೆ. ಇಬ್ಬರಾದರೆ ಸಾಕು. ಶಾಲೆಗೆ ಹೋಗುವ ಮಗು ಇದ್ದರೆ ಸಾಕಾಗುವುದಿಲ್ಲ. ಇಂಟರ್‌ನ್ಯಾಷನಲ್ ಶಾಲೆಯ ಫೀಸನ್ನು ಕಂಪನಿ ಕೊಡದಿದ್ದರೆ ಬರುವ ಯೋಚನೆಯನ್ನೇ ಇನ್ನೊಮ್ಮೆ ಮಾಡಿ. ಜ್ವರ ನೆಗಡಿಗೆ ಕಂಪನಿಯ ಪಟ್ಟಿಯಲ್ಲಿರುವ ಕ್ಲಿನಿಕ್ ಇರುತ್ತದೆ, ಮಾತ್ರೆಯನ್ನೂ ಅಲ್ಲೇ ಪೊಟ್ಟಣ ಕಟ್ಟಿ ಕೊಡುತ್ತಾರೆ. ಅದಕ್ಕೆ ಚಿಂತೆ ಬೇಡ.

ಇಷ್ಟನ್ನೂ ಆ ಹುಡುಗನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಅಕ್ಕ, ಮಾರ್ಚ್‌ನಲ್ಲಿ ನನ್ನದೇ ಮದುವೆ."

"ಜನವರಿಗೆ ಸೇರ್ತೀನಿ ಅಂತ ಕೇಳಿ ನೋಡು. ಆಗ ಆ ವರ್ಷ ಪೂರ್ತಿ ನಿನ್ನ ಕೈಯಲ್ಲಿರುತ್ತೆ, ಮದುವೆಗೆ ಒಂದು ತಿಂಗಳು ಬೇಕಾದ್ರೂ ಹೋಗು."

"ಒಪ್ಪದಿದ್ರೆ?"

"ಹದಿನಾಲ್ಕು ದಿನದಲ್ಲಿ ಮುಗಿಸಬೇಕಪ್ಪ. ಹುಡುಗಿ ಮನೆಯವರಿಗೆ ಈಗಲೇ ಹೇಳಿಡು."