ಒಂದೇ ತಂತಿಯಲ್ಲಿ ಮೂರು ಜಾಲಗಳು

ಮನೆಯ ಕ್ಯಾಮೆರಾಗಳು ನನ್ನ ಕಡತಗಳಿರುವ ಕಂಪ್ಯೂಟರನ್ನು ತಲುಪಬಾರದೆಂದು ಜಾಲವನ್ನು ಮೂರು ವಿಲ್ಯಾನ್‌ಗಳಾಗಿ (ಒಂದೇ ತಂತಿಯಲ್ಲಿ ಬೇರೆ ಬೇರೆಯಾಗಿ ಸಾಗುವ ವರ್ಚುವಲ್ ಜಾಲಗಳಾಗಿ) ವಿಂಗಡಿಸಿ, ವರ್ಚುವಲ್ ಯಂತ್ರಗಳನ್ನು ನಡೆಸುವ ಪ್ರಾಕ್ಸ್‌ಮಾಕ್ಸ್ ಸರ್ವರಿನಲ್ಲಿ ಓಪಿಎನ್‌ಸೆನ್ಸ್ ಎಂಬ ತಂತ್ರಾಂಶವನ್ನು ರೂಟರ್ ಆಗಿ ನಡೆಸುತ್ತಿದ್ದೇನೆ. 802.1ಕ್ಯೂ ಮಾನಕದಂತೆ ಈಥರ್ನೆಟ್ ಫ್ರೇಮಿಗೆ (ತಂತಿಯಲ್ಲಿ ಸಾಗುವ ದತ್ತಾಂಶದ ತುಣುಕಿಗೆ) 4 ಬೈಟ್‌ಗಳ ಟ್ಯಾಗ್ ಸೇರುತ್ತದೆ. ಅದರ 12 ಬಿಟ್‌ಗಳು ವಿಲ್ಯಾನ್ ಸಂಖ್ಯೆಗೆ ಮೀಸಲು, ಹಾಗಾಗಿ 1ರಿಂದ 4094ರವರೆಗಿನ ಸಂಖ್ಯೆಗಳನ್ನು ಬಳಸಬಹುದು.

ಸ್ವಿಚ್ಚಿನ ಪೋರ್ಟನ್ನು ಟ್ರಂಕ್ (ಹಲವು ವಿಲ್ಯಾನ್‌ಗಳನ್ನು ಟ್ಯಾಗ್ ಸಹಿತ ಸಾಗಿಸುವ ಪೋರ್ಟ್) ಮಾಡಿ, ಸರ್ವರಿನೊಳಗಿನ ವರ್ಚುವಲ್ ಸ್ವಿಚ್ಚಾದ ಬ್ರಿಡ್ಜಿಗೆ ವಿಲ್ಯಾನ್‌ಗಳ ಅರಿವಿರುವ ಆಯ್ಕೆಯನ್ನು ಕೊಟ್ಟಿದ್ದರೂ ಒಂದು ಜಾಲ ಮಾತ್ರ, ಅದೂ ಟ್ಯಾಗಿಲ್ಲದೆ, ರೂಟರನ್ನು ತಲುಪುತ್ತಿತ್ತು. ರೂಟರ್ ಓಡುವ ವರ್ಚುವಲ್ ಯಂತ್ರದ ನೆಟ್‌ವರ್ಕ್ ಕಾರ್ಡಿಗೆ ನಾನು ಟ್ಯಾಗ್ ಸಂಖ್ಯೆ ನಮೂದಿಸಿದ್ದೇ ಕಾರಣ: ಹಾಗೆ ಮಾಡಿದರೆ ಅದು ಆ ಒಂದು ವಿಲ್ಯಾನಿನ ಆಕ್ಸೆಸ್ ಪೋರ್ಟ್, ಅಂದರೆ ಅದೊಂದನ್ನೇ ಟ್ಯಾಗಿಲ್ಲದೆ ಸಾಗಿಸುವ ಪೋರ್ಟ್, ಆಗಿಬಿಡುತ್ತದೆ. ಆ ಸ್ಥಳವನ್ನು ಖಾಲಿ ಬಿಟ್ಟು, ವಿಲ್ಯಾನ್‌ಗಳನ್ನು ರೂಟರಿನೊಳಗೇ ರಚಿಸಿದೆ.

ಸರ್ವರಿಗೆ ಸ್ಥಿರ ಐಪಿ ವಿಳಾಸವನ್ನು ಮೊದಲೇ ಕೊಟ್ಟಿರಿ. ರೂಟರ್ ನಿಂತಾಗ ವಿಳಾಸ ಹಂಚುವ ಡಿಎಚ್‌ಸಿಪಿಯೂ ನಿಂತಿರುತ್ತದೆ.