ಆಲೆಮರದಲ್ಲಿ ಗ್ಲೋರಿ ಆಫ್ ಇಂಡಿಯಾ: ಕೆಲಸ ಎಲ್ಲಿಗೆ ಬಂತು

ಹೋದ ಸಲ ಬರೆದಾಗ ಬರೀ ಮರದ ತುಂಡಿತ್ತು. ಈಗ ಅದಕ್ಕೆ ಶಂಖದ ಆಕಾರ ಬಂದಿದೆ. ಹೊಸಬರಿಗೆ ಹೇಳಬೇಕೆಂದರೆ, ನಾನು ಮಾಡುತ್ತಿರುವುದು ಕೋನಸ್ ಮಿಲ್ನೆಎಡ್ವರ್ಡ್ಸೈ ಎಂಬ ಕೋನ್ ಶಂಖದ, ಅಂದರೆ ಶಂಕುವಿನಾಕಾರದ ಕಡಲಹುಳುವಿನ ಚಿಪ್ಪಿನ, ಮಾದರಿ. ಶಂಖ ಕೂಡಿಡುವ ಶೋಕಿದಾರರು ಇದನ್ನು ಗ್ಲೋರಿ ಆಫ್ ಇಂಡಿಯಾ ಅನ್ನುತ್ತಾರೆ. ಕೆಂಪು ಸಮುದ್ರ, ಪೂರ್ವ ಆಫ್ರಿಕಾದಿಂದ ಹಿಡಿದು ನಮ್ಮ ಅರಬ್ಬಿ ಸಮುದ್ರದವರೆಗೂ ಇದೆ. ಆದರೆ ದಡದಲ್ಲಿ ಹುಡುಕಿದರೆ ಸಿಗುವುದಿಲ್ಲ. ಇರುವುದು ಆಳದಲ್ಲಿ, ದೋಣಿ ಎಳೆದುಕೊಂಡು ಹೋಗುವ ಟ್ರಾಲ್ ಬಲೆಗೆ ಸಿಕ್ಕಿ ಮೇಲೆ ಬರುತ್ತದೆ. 1894ರಲ್ಲಿ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಜೂಸೋಮ್ ಇದಕ್ಕೆ ವೈಜ್ಞಾನಿಕ ಹೆಸರಿಟ್ಟರು.

ನಿಜವಾದದ್ದೇ ಒಂದು ಕೊಳ್ಳಬಹುದಲ್ವಾ ಅಂತ ಕೇಳಿದವರಿದ್ದಾರೆ. ಆಗಲ್ಲ. 2001ರಲ್ಲಿ ಇದನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲಿಗೆ ಸೇರಿಸಿದರು. ಹುಲಿ, ಆನೆ ಇರುವ ಪಟ್ಟಿ ಅದು. ಹಾಗಾಗಿ ಚಿಂತಾಮಣಿಯಲ್ಲಿ ಕೂತು, ಫೋಟೋ ನೋಡಿಕೊಂಡು ಕೆತ್ತುವುದೇ ದಾರಿ.

ಉದ್ದ 15 ಸೆಂಟಿಮೀಟರ್ ಇಟ್ಟಿದ್ದೇನೆ. ಇದಕ್ಕಿಂತ ದೊಡ್ಡವೂ ಇವೆ. ಮರ ಆಲೆ, ಚನ್ನಪಟ್ಟಣದ ಗೊಂಬೆಗೆ ಬಳಸುವುದೇ. ಬಿಳಿ ಬಣ್ಣ, ಸಣ್ಣ ಎಳೆ, ಉಳಿಗೆ ಚೆನ್ನಾಗಿ ಬಗ್ಗುತ್ತದೆ. ಲೇತಿನಲ್ಲಿ ಮೇಲೊಂದು ಕೆಳಗೊಂದು ಶಂಕು ತಿರುಗಿಸಿಕೊಂಡೆ. ಲೇತ್ ಅಂಗಡಿಯವರು ಎತ್ತಿ ನೋಡಿ, "ಏನ್ ಸಾರ್, ಬುಗುರಿನಾ?" ಅಂದರು. ವಿಷದ ಹುಳು ಅಂದಾಗ, "ಕಚ್ತದಾ?" ಕಚ್ಚುವುದಿಲ್ಲ, ಚುಚ್ಚುತ್ತದೆ. ಬಾಯಿಂದ ಟೊಳ್ಳು ಹಲ್ಲೊಂದನ್ನು ಈಟಿಯ ಹಾಗೆ ಬಿಟ್ಟು ವಿಷ ಹಾಯಿಸುತ್ತದೆ. ಅವರು ಮರದ ತುಂಡನ್ನೇ ಸ್ವಲ್ಪ ದೂರ ಇಟ್ಟರು.

ಅಸಲಿ ತೊಂದರೆ ಶುರುವಾಗುವುದು ಲೇತ್ ಮುಗಿದ ಮೇಲೆ. ಲೇತ್ ಕೊಡುವುದು ಬರೀ ವೃತ್ತ. ಶಂಖದಲ್ಲಿ ವೃತ್ತವೇ ಇಲ್ಲ, ಎಲ್ಲ ಸುರುಳಿ. ಅದರಲ್ಲೂ ಈ ಜಾತಿಯ ತುದಿ ಎತ್ತರ, ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಪ್ರತಿ ಸುತ್ತಿನ ಭುಜ, ಅಂದರೆ ಮೇಲಂಚು, ಚೂಪಾಗಿ ಹೊರಗೆ ನಿಂತಿರುತ್ತದೆ. ಅದಿಲ್ಲದಿದ್ದರೆ ಯಾವುದೋ ಸಾಮಾನ್ಯ ಕೋನ್ ಶಂಖ ಆಗಿಬಿಡುತ್ತದೆ. ನಾನು ಮಾಡಿದ್ದು ಇಷ್ಟು: ಭುಜಕ್ಕೆ ಒಂದು ಗುಂಡುಸೂಜಿ ಚುಚ್ಚಿ, ಅಲ್ಲಿಂದ ತುದಿಯವರೆಗೆ ಹೊಲಿಗೆ ದಾರ ಸುತ್ತಿದೆ. ಸುತ್ತಿನಿಂದ ಸುತ್ತಿಗೆ ಅಂತರ ಕಡಿಮೆಯಾಗುತ್ತಾ ಹೋಗಬೇಕು. ದಾರದ ಪಕ್ಕದಲ್ಲೇ ಪೆನ್ಸಿಲ್ ಎಳೆದು, ಗೆರೆಯ ಮೇಲೆ ಸಣ್ಣ ಉಳಿಯಿಂದ ಕಚ್ಚು ಹಾಕಿ, ಅರದಿಂದ ಮೆಟ್ಟಿಲು ಇಳಿಸಿದೆ. ತುದಿಯ ಕೊನೇ ಸುತ್ತುಗಳಿಗೆ ಉಳಿ ಹಿಡಿಸುವುದೇ ಇಲ್ಲ, ಸೂಜಿಯಿಂದ ಗೀರಿದ್ದು.

ದಿಕ್ಕಿನ ಬಗ್ಗೆ ಒಂದು ಮಾತು. ತುದಿ ಮೇಲೆ ಮಾಡಿ, ಬಾಯಿ ನಮ್ಮ ಕಡೆ ತಿರುಗಿಸಿದರೆ ಬಾಯಿ ಬಲಕ್ಕೆ ಬರಬೇಕು. ಡಚ್ ಚಿತ್ರಕಾರ ರೆಂಬ್ರಾಂಟ್ 1650ರಲ್ಲಿ ಒಂದು ಕೋನ್ ಶಂಖವನ್ನು ತಾಮ್ರದ ತಗಡಿನ ಮೇಲೆ ಕೊರೆದ. ಅಚ್ಚಿನಲ್ಲಿ ಎಲ್ಲ ಕನ್ನಡಿಯಂತೆ ತಿರುಗುವುದರಿಂದ ಶಂಖದ ಬಾಯಿ ಎಡಕ್ಕೆ ಬಂತು. ಸಹಿಯನ್ನು ಮಾತ್ರ ತಿರುವುಮುರುವು ಕೊರೆದಿದ್ದರಿಂದ ಅದು ಸರಿಯಾಗಿದೆ! ನನ್ನದರ ಬಾಯಿ ಬಲಕ್ಕೇ ಇದೆ, ದಾರ ಸುತ್ತುವಾಗಲೇ ನೋಡಿಕೊಂಡೆ.

ಬಾಯಿಗೆ ಆಕ್ಸಾ ಬ್ಲೇಡ್ ಸಾಕಾಯಿತು. ಭುಜದಿಂದ ಬುಡದವರೆಗೆ ಕಿರಿದಾದ ಸೀಳು, ಅಷ್ಟೇ. ಒಳಗೆ ಟೊಳ್ಳು ಮಾಡುವ ಗೋಜಿಗೆ ಹೋಗಿಲ್ಲ. ನಿಜವಾದ ಹುಳು ಅದನ್ನೂ ಮಾಡುತ್ತದೆ: ಬೆಳೆಯುತ್ತಾ ಬೆಳೆಯುತ್ತಾ ಒಳಗಿನ ಹಳೇ ಗೋಡೆಗಳನ್ನು ಕರಗಿಸಿ ತೆಳ್ಳಗೆ ಮಾಡಿಕೊಂಡು, ಮೈಗೆ ಜಾಗ ಮಾಡಿಕೊಳ್ಳುತ್ತದೆ. ಹೊರಗಿನ ಕೊನೇ ಸುತ್ತು ಮಾತ್ರ ದಪ್ಪ.

ಇನ್ನು ಬಣ್ಣ. ಬಿಳಿ ಮೈ, ಅದರ ಮೇಲೆ ಕಂದು ಗೆರೆಗಳ ಬಲೆ, ಬಲೆಯೊಳಗೆ ಗುಡಾರದಂಥ ಪುಟ್ಟ ಬಿಳಿ ತ್ರಿಕೋನಗಳು, ನಡುವೆ ಗಾಢ ಕಂದು ಪಟ್ಟೆಗಳು. ಹುಳು ಈ ಚಿತ್ತಾರವನ್ನು ಒಟ್ಟಿಗೆ ಬರೆಯುವುದಿಲ್ಲ. ಬಾಯಿಯ ಬೆಳೆಯುವ ತುಟಿಯ ಅಂಚಿನಲ್ಲಿ ಗೆರೆ ಗೆರೆಯಾಗಿ ಸೇರಿಸುತ್ತಾ ಹೋಗುತ್ತದೆ. ಅದಕ್ಕೆ ನಾನೂ ಮೊದಲು ತುಟಿಗೆ ಸಮವಾಗಿ ಉದ್ದುದ್ದ ಪೆನ್ಸಿಲ್ ಗೆರೆ ಎಳೆದುಕೊಂಡಿದ್ದೇನೆ. ತ್ರಿಕೋನಗಳನ್ನು ಅದೇ ಕ್ರಮದಲ್ಲಿ, ಹಳೇ ಕಡೆಯಿಂದ ತುಟಿಯ ಕಡೆಗೆ ತುಂಬಬೇಕು. ತಮಾಷೆ ಏನೆಂದರೆ, ಕೋನ್ ಶಂಖಗಳು ಬದುಕಿರುವಾಗ ಮೇಲೊಂದು ಪೊರೆ ಇರುತ್ತದೆ. ಎಷ್ಟೋ ಜಾತಿಗಳಲ್ಲಿ ಆ ಪೊರೆ ಚಿತ್ತಾರವನ್ನೇ ಮುಚ್ಚಿಬಿಡುತ್ತದೆ.

ಬುಡದ ಹತ್ತಿರ ಒಂದು ಅಂಗುಲ ಜಾಗದಲ್ಲಿ ಅಕ್ರಿಲಿಕ್ ಹಾಕಿ ನೋಡಿದ್ದೇನೆ. ಸೊನ್ನೆ ನಂಬರ್ ಬ್ರಷ್ ಕೂಡ ದಪ್ಪ ಅನ್ನಿಸುತ್ತಿದೆ. ಇನ್ನೂ ಸಣ್ಣದು ಬೆಂಗಳೂರಿಂದ ತರಿಸಬೇಕು, ಆಮೇಲೆ ಪಟ್ಟೆಗಳಿಂದ ಶುರು.